ರಜೆ ಪತ್ರದಲ್ಲಿ ‘ಎಕ್ಸ್‌ಟೆಂಡ್’ ಬಳಸುವುದು ಹೇಗೆ?

ಜೂನ್ 13ರಿಂದ 17ರವರೆಗೆ ಐದು ದಿನ ರಜೆ ಹಾಕಿ ಊರಿಗೆ ಹೋಗಿದ್ದೀರಿ. ಅಮ್ಮನ ಜ್ವರ ಇಳಿದಿಲ್ಲ. ಇನ್ನೂ ಮೂರು ದಿನ ಬೇಕು. ಆಫೀಸಿಗೆ ಇಂಗ್ಲಿಷಿನಲ್ಲಿ ಬರೆಯಬೇಕು. ಆಗ ನೆನಪಾಗುವುದೇ ‘ಎಕ್ಸ್‌ಟೆಂಡ್’. ಲ್ಯಾಟಿನ್ ಮೂಲದ ಪದ, ‘ಹೊರಕ್ಕೆ ಚಾಚು’ ಎಂದರ್ಥ.

ಮೊದಲು, ಬೇಕಾದದ್ದು ಇದೇ ಪದವೇ ನೋಡಿ. ಶುರು ಅಲ್ಲೇ ಇದ್ದು ಕೊನೆ ಮಾತ್ರ ಮುಂದಕ್ಕೆ ಹೋದರೆ ಎಕ್ಸ್‌ಟೆಂಡ್. ಶುರುವೇ ಮುಂದಕ್ಕೆ ಹೋದರೆ ಪೋಸ್ಟ್‌ಪೋನ್. ಪ್ಯಾಂಟು ಉದ್ದ ಮಾಡಿಸುವುದಕ್ಕೆ ಲೆಂಗ್ದನ್ ಸಾಕು.

ಎರಡನೆಯದೇ ಕಷ್ಟದ ಹೆಜ್ಜೆ. ಮುಂದೆ ‘ಬೈ’ ಬರಬೇಕೋ ‘ಟು’ ಬರಬೇಕೋ? ನಾನು ನೋಡಿದ ರಜೆ ಪತ್ರಗಳಲ್ಲಿ ಜಾಸ್ತಿ ಎಡವಟ್ಟಾಗುವುದು ಇಲ್ಲೇ. ‘ಎಕ್ಸ್‌ಟೆಂಡ್ ಟು ತ್ರೀ ಡೇಸ್’ ಎಂದು ಬರೆದುಬಿಡುತ್ತಾರೆ. ಹಾಗೆಂದರೆ ಒಟ್ಟು ರಜೆಯೇ ಮೂರು ದಿನ! ಇದ್ದ ಐದು ದಿನವೂ ಕಡಿಮೆಯಾಯಿತು, ಅಲ್ವಾ?

ಇದಕ್ಕೆ ವ್ಯಾಕರಣ ಪುಸ್ತಕ ಬೇಡ, ನಮ್ಮ ಕನ್ನಡವೇ ಸಾಕು. ‘ಈರುಳ್ಳಿ ಹತ್ತು ರೂಪಾಯಿ ಏರಿತು’ ಎನ್ನುತ್ತೇವೆ. ‘ಈರುಳ್ಳಿ ಐವತ್ತು ರೂಪಾಯಿಗೆ ಏರಿತು’ ಎಂದೂ ಹೇಳುತ್ತೇವೆ. ಮೊದಲನೆಯದು ಎಷ್ಟು ಜಾಸ್ತಿಯಾಯಿತು ಎಂಬ ಲೆಕ್ಕ. ಅದು ‘ಬೈ’. ಎರಡನೆಯದರಲ್ಲಿ ‘ಗೆ’ ಇದೆ, ಅದು ಎಲ್ಲಿಗೆ ಮುಟ್ಟಿತು ಎಂಬ ಲೆಕ್ಕ. ಅದು ‘ಟು’. ಹಾಗಾಗಿ ಮೂರು ದಿನ ಸೇರಿಸಲು ‘ಬೈ ತ್ರೀ ಡೇಸ್’, ಒಟ್ಟು ಹೇಳಲು ‘ಟು ಎಯ್ಟ್ ಡೇಸ್’. ತಾರೀಖಿನ ತನಕ ಎನ್ನಲು ‘ಅಂಟಿಲ್’. ‘ಫಾರ್ ತ್ರೀ ಡೇಸ್’ ತಪ್ಪೇನಲ್ಲ, ಆದರೂ ನಾನು ‘ಬೈ’ ಅನ್ನೇ ಬರೆಸುತ್ತೇನೆ.

ಮೊಬೈಲಿನ ಅನುವಾದ ಆ್ಯಪ್ ನಂಬಿ ಸುಮ್ನೆ ಕಳಿಸಬೇಡಿ. ‘ಪ್ರೊಲಾಂಗ್’ ಎಂದು ಬಂದರೆ ಅಳಿಸಿ. ಆಯಸ್ಸು, ನೋವು, ಯುದ್ಧ ಇಂಥವು ಎಳೆದುಕೊಂಡು ಹೋಗುವುದಕ್ಕೆ ಆ ಪದ ಹೊಂದುತ್ತದೆ. ರಜೆಗೆ ಬೇಡ. ಹಳೆಯ ಮಾದರಿ ಪತ್ರಗಳ ‘ಅಂಡ್ ಒಬ್ಲೈಜ್’ ಕೂಡ ಬಿಟ್ಟುಬಿಡಿ.

ಕಾಗುಣಿತ ನೋಡಿಕೊಳ್ಳಿ. ಕ್ರಿಯಾಪದದ ಕೊನೆಗೆ ‘ಡಿ’. ಅಲ್ಲಿ ‘ಟಿ’ ಹಾಕಿದರೆ ‘ಎಷ್ಟರ ಮಟ್ಟಿಗೆ’ ಎನ್ನುವ ಬೇರೆಯೇ ಪದ. ಎಕ್ಸ್‌ಟೆನ್ಶನ್ ಎನ್ನುವಾಗ ಮಾತ್ರ ‘ಎಸ್-ಐ-ಒ-ಎನ್’. ಅಟೆನ್ಶನ್, ಮೆನ್ಶನ್ ಬರೆದ ಕೈ ಇಲ್ಲೂ ‘ಟಿ’ ಹಾಕಿಬಿಡುತ್ತದೆ.

ಈಗ ಬರೆಯಿರಿ: ‘ಐ ರಿಕ್ವೆಸ್ಟ್ ಯೂ ಟು ಎಕ್ಸ್‌ಟೆಂಡ್ ಮೈ ಲೀವ್ ಬೈ ತ್ರೀ ಡೇಸ್, ಅಂಟಿಲ್ 20 ಜೂನ್.’ 20ನೇ ತಾರೀಖು ರಜೆಯೋ ಕೆಲಸವೋ ಎಂಬ ಗೊಂದಲ ಬಾರದಂತೆ, 21ಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆ ಎಂದೂ ಕೆಳಗೆ ಸೇರಿಸಿ.