ಶಿವಮೊಗ್ಗದಲ್ಲೇ ಕೂತು ತಾತಾರ್ ಭಾಷೆ ಶುರು ಮಾಡೋದು ಹೇಗೆ

ಕನ್ನಡದವ್ರಿಗೆ ತಾತಾರ್ ವ್ಯಾಕರಣ ಅಂಥಾ ಕಷ್ಟ ಏನಲ್ಲ, ಕಷ್ಟ ಇರೋದು ಸ್ವರಗಳಲ್ಲಿ, ಅದಕ್ಕೇ ಮೊದಲ ತಿಂಗಳು ಪೂರ್ತಿ ಬಾಯಿ ಪಳಗಿಸೋಕೇ ಇಟ್ಕೊಳ್ಳಿ, ಪುಸ್ತಕ ಆಮೇಲೆ ನೋಡಿದ್ರಾಯ್ತು.

ಇದು ರಷ್ಯಾದ ವೋಲ್ಗಾ ನದಿ ಕಡೆ ಭಾಷೆ. ತಾತಾರ್‌ಸ್ತಾನ್ ಗಣರಾಜ್ಯದಲ್ಲಿ ರಷ್ಯನ್ ಜೊತೆ ಇದೂ ಅಧಿಕೃತ, ರಾಜಧಾನಿ ಕಜಾನ್. ತುರ್ಕಿ ಕುಟುಂಬದಲ್ಲಿ ಕಿಪ್ಚಾಕ್ ಅನ್ನೋ ಶಾಖೆ, ಬಷ್ಕೀರ್ ಭಾಷೆ ತುಂಬಾ ಹತ್ರದ ನೆಂಟ. ಹಿಂದೆ ಅಲ್ಲಿ ವೋಲ್ಗಾ ಬಲ್ಗಾರರ ರಾಜ್ಯ ಇತ್ತು, 1236ರಲ್ಲಿ ಮಂಗೋಲರು ಬಂದ್ಮೇಲೆ ಕಿಪ್ಚಾಕ್ ಮಾತು ಹರಡ್ತು, ಆಮೇಲೆ ಕಜಾನ್ ಖಾನರ ಆಳ್ವಿಕೆ, ಅದನ್ನ 1552ರಲ್ಲಿ ರಷ್ಯಾದ ದೊರೆ ನಾಲ್ಕನೇ ಇವಾನ್ ಗೆದ್ದ. ಯೂಟ್ಯೂಬಲ್ಲಿ ಹುಡುಕುವಾಗ ಹುಷಾರು, ಕ್ರಿಮಿಯನ್ ತಾತಾರ್ ಅನ್ನೋದು ಬೇರೆಯದೇ ಭಾಷೆ.

ಈಗ ಬಾಯಿಗೆ ಬನ್ನಿ. ಇ ಅಂತ ಎಳೀತಾ ಇರಿ, ನಾಲಿಗೆ ಅಲ್ಲಾಡಿಸ್ಬೇಡಿ, ತುಟಿ ಮಾತ್ರ ಉ ಹೇಳೋ ಥರ ಗುಂಡಗೆ ಮಾಡಿ, ಕನ್ನಡದಲ್ಲಿ ಇಲ್ಲದ ಒಂದು ಸ್ವರ ಬರತ್ತೆ. ಇದು ಬರ್ಲೇಬೇಕು, ಯಾಕಂದ್ರೆ ಕುಲ್ ಅಂದ್ರೆ ಕೈ, ಅದೇ ಉ ಜಾಗಕ್ಕೆ ಈ ಸ್ವರ ಹಾಕಿದ್ರೆ ಸರೋವರ. ಇದೇ ಥರ ಎ ಹೇಳ್ತಾ ತುಟಿ ಗುಂಡಗೆ ಮಾಡಿ ಚಿಕ್ಕದಾಗಿ ನಿಲ್ಲಿಸಿ ಕೊನೇಲಿ ಶ್ ಸೇರಿಸಿದ್ರೆ ಮೂರು ಅನ್ನೋ ಪದ ಆಯ್ತು. ಅಲ್ಲಿ ಬರೆಯೋದು ರಷ್ಯನ್ನಿನ ಚ ಅಕ್ಷರ, ಆದ್ರೆ ಕಜಾನ್ ಕಡೆ ಅದನ್ನ ನಮ್ಮ ಶ ಥರಾನೇ ಮೆತ್ತಗೆ ಹೇಳ್ತಾರೆ. ಆರು ಅನ್ನೋಕೆ ಅಲ್ತ ಅಂತಾರೆ, ಕೊನೆ ಸ್ವರ ಅ ಅಲ್ಲ, ತುಳು ಪದಗಳ ಕೊನೇಲಿ ಬರೋ ಅರ್ಧ ಉಕಾರಕ್ಕೆ ಹತ್ರ, ತೀರ್ಥಹಳ್ಳಿ ಕೊಪ್ಪ ಕಡೆ ಮನೇಲಿ ತುಳು ಮಾತಾಡೋರಿಗೆ ಇದು ಸಲೀಸು. ಕ್ಯಾಟ್ ಅನ್ನೋವಾಗ ಬರೋ ಆ್ಯ ನಮಗೆ ಗೊತ್ತಿರೋದೇ, ಥ್ಯಾಂಕ್ಸ್‌ಗೆ ರ‍್ಯಾಖ್‌ಮ್ಯಾತ್ ಅನ್ನೋದ್ರಲ್ಲಿ ಎರಡೂ ಸಲ ಅದೇ. ಒಂದನೇ ಕ್ಲಾಸಲ್ಲಿ ಕಲ್ತು ಮತ್ತೆ ಮುಟ್ಟದೇ ಇರೋ ಙ ಇದ್ಯಲ್ಲ, ಅದು ಇಲ್ಲಿ ದಿನಾ ಬೇಕು, ಯಙಾ ಅಂದ್ರೆ ಹೊಸದು. ಕುಲ್ ಪದದ ಕ ಗಂಟಲಿನ ಹತ್ರ ಹುಟ್ಟತ್ತೆ, ಕುರಾನ್ ಪಠಣ ಕಲ್ತಿರೋ ಫ್ರೆಂಡ್ ಇದ್ರೆ ಕುರಾನ್ ಅನ್ನೋದ್ರ ಮೊದಲ ಅಕ್ಷರ ಹೇಗೆ ಹೇಳ್ತಾರೆ ಅಂತ ಕೇಳಿಸ್ಕೊಳ್ಳಿ. ಟ, ಡ, ಣ, ಳ ಯಾವ್ದೂ ಬೇಡ. ಒತ್ತು ಸಾಮಾನ್ಯವಾಗಿ ಕೊನೆ ಭಾಗಕ್ಕೆ.

ಇಷ್ಟು ಬಂದ್ರೆ ವ್ಯಾಕರಣ ತಾನಾಗೇ ಕೂತ್ಕೊಳ್ಳತ್ತೆ. ಕನ್ನಡಕ್ಕೂ ಅದಕ್ಕೂ ರಕ್ತಸಂಬಂಧ ಇದೆ ಅಂತ ಅಲ್ಲ, ಆದ್ರೆ ನಮ್ಮ ಹಾಗೇ ಪದದ ಬಾಲಕ್ಕೆ ಪ್ರತ್ಯಯ ಅಂಟಿಸ್ತಾ ಹೋಗ್ತಾರೆ. ಉರ್ಮಾನ್ ಕಾಡು, ಉರ್ಮನ್ನಾರ್ ಕಾಡುಗಳು, ಉರ್ಮನ್ನರ್ದಾ ಕಾಡುಗಳಲ್ಲಿ. ಹೆಚ್ಚಿನ ಪ್ರತ್ಯಯಗಳಿಗೆ ಸ್ವರದ ಲೆಕ್ಕದಲ್ಲಿ ಎರಡು ರೂಪ, ಪದದಲ್ಲಿ ಅ ಆ ಉ ಥರ ನಾಲಿಗೆ ಹಿಂದಕ್ಕೆ ಹೋಗೋ ಸ್ವರ ಇದ್ರೆ ದಾ, ನಾಲಿಗೆ ಮುಂದಕ್ಕೆ ಬರೋ ಸ್ವರ ಇದ್ರೆ ದ್ಯಾ, ಅದಕ್ಕೇ ಸ್ವರ ಸರಿ ಇಲ್ದೆ ವ್ಯಾಕರಣವೂ ಸರಿ ಹೋಗಲ್ಲ ಅನ್ನೋದು. ಅವನು ಅವಳು ಅದು ಎಲ್ಲಕ್ಕೂ ಉಲ್ ಒಂದೇ. ಕ್ರಿಯಾಪದ ಕೊನೇಲಿ, ಮಿನ್ ಶಿವಮೊಗ್ಗಾದಾ ಯ್ಯಾಶಿಮ್, ನಾನು ಶಿವಮೊಗ್ಗದಲ್ಲಿ ವಾಸಿಸ್ತೀನಿ. ಮಳೆ ಬರ್ತಿದೆ ಅನ್ನೋಕೆ ಯಙ್ಗರ್ ಯವಾ, ಆಗುಂಬೆ ಕಡೆ ಇರೋರು ಜೂನಿಂದ ದಿನಾ ಪ್ರಾಕ್ಟೀಸ್ ಮಾಡ್ಬಹುದು.

ಲಿಪಿ ಕೊನೆಗೆ ಇಟ್ಕೊಳ್ಳಿ. ಮೊದ್ಲು ಅರಬ್ಬಿ ಲಿಪಿ, 1927ರ ಹೊತ್ತಿಗೆ ಲ್ಯಾಟಿನ್, 1939ರಿಂದ ಸಿರಿಲಿಕ್, ರಷ್ಯನ್ ಅಕ್ಷರಗಳ ಮೇಲೆ 6 ಜಾಸ್ತಿ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2020ರಲ್ಲಿ ಒಡಿಯಾ ಜೊತೆಗೇ ತಾತಾರ್ ಸೇರಿದೆ, ಪದದ ಅರ್ಥ ನೋಡೋಕೆ ಸಾಕು. ಕೇಳೋಕೆ ಕಜಾನಿನ ಟಿಎನ್‌ವಿ ಚಾನೆಲ್ ಒಳ್ಳೇದು, ರಷ್ಯನ್ ಕಾರ್ಯಕ್ರಮನೂ ಬರತ್ತೆ, ತಾತಾರ್‌ದು ಆರಿಸ್ಕೊಳ್ಳಿ. ಅಲ್ಲಿ ಶಾಲೇಲಿ ಎಲ್ಲಾ ಮಕ್ಕಳಿಗೂ ಕಡ್ಡಾಯ ಇದ್ದ ತಾತಾರ್ ಪಾಠ 2017ರಲ್ಲಿ ಹೋಯ್ತು, ರಷ್ಯಾದ ಜನಗಣತಿ ಪ್ರಕಾರ ಮಾತಾಡೋರು 2010ರಲ್ಲಿ ಸುಮಾರು 43 ಲಕ್ಷ ಇದ್ದೋರು ಮುಂದಿನ ಎಣಿಕೆಗೆ 33 ಲಕ್ಷದ ಹತ್ರ ಇಳಿದ್ರು, ನಂಗೆ ಇದು ನಿಜವಾಗ್ಲೂ ಬೇಜಾರಿನ ವಿಷ್ಯ. ಹಾಗಾಗಿ ತಾತಾರ್ ಮಾತಾಡೋರು ಆನ್‌ಲೈನಲ್ಲಿ ಸಿಕ್ಕಿದ್ರೆ ಇಂಗ್ಲಿಷಲ್ಲಿ ಶುರು ಮಾಡ್ಬೇಡಿ, ಸ್ಯಾಲಾಮ್ ಅಂತ ಹೇಳಿ, ಎರಡು ಸಾಲು ಬಂದ್ರೂ ಅದನ್ನೇ ಮಾತಾಡಿ, ತಪ್ಪು ತಿದ್ದಿ ಅಂತ ಕೇಳ್ಕೊಳ್ಳಿ.