ಅಳಿವಿನಂಚಿನ ಜೀವಿಗಾಗಿ ಜನಪ್ರತಿನಿಧಿಗೆ ಮನವಿ ಬರೆಯುವುದು ಹೇಗೆ?

ಅಳಿವಿನಂಚಿನ ಜೀವಿಗಳ ಪರವಾಗಿ ಜನಪ್ರತಿನಿಧಿಗಳಿಗೆ ಬರೆದ ಮನವಿಗಳನ್ನು ಹಲವು ವರ್ಷಗಳಿಂದ ಓದುತ್ತ, ತಿದ್ದಿಕೊಡುತ್ತ ಬಂದಿದ್ದೇನೆ. ಹೆಚ್ಚಿನವು ಸೋಲುವುದು ಒಂದೇ ಜಾಗದಲ್ಲಿ. ಪ್ರಕೃತಿಯ ಮಹತ್ವವನ್ನು ಎರಡು ಪುಟ ವರ್ಣಿಸಿ, ಕೊನೆಯ ಸಾಲಿನಲ್ಲಿ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸಿರುತ್ತಾರೆ. ಏನು ಮಾಡಬೇಕೆಂದು ಹೇಳದ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಎಂಬುದಕ್ಕಿಂತ ಹೆಚ್ಚಿನ ಉತ್ತರವನ್ನು ನಿರೀಕ್ಷಿಸುವಂತಿಲ್ಲ.

ಮೊದಲು ಒಂದೇ ಒಂದು ಜೀವಿಯನ್ನು ಆರಿಸಿಕೊಂಡು, ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರವಿದೆ ಎಂದು ಹೇಳುವ, ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅದರ ಸ್ಥಿತಿ ಏನೆಂದು ನೋಡಿಕೊಳ್ಳಿ. ಆ ಪಟ್ಟಿಗೆ ತನ್ನಷ್ಟಕ್ಕೆ ಕಾನೂನಿನ ಬಲವಿಲ್ಲದ ಕಾರಣ, ನಿಮ್ಮ ದೇಶದ ವನ್ಯಜೀವಿ ಕಾಯ್ದೆಯಲ್ಲಿ ಆ ಜೀವಿಗೆ ರಕ್ಷಣೆ ಇದೆಯೇ ಎಂಬುದನ್ನೂ ತಿಳಿದುಕೊಳ್ಳಬೇಕು. ನೀವು ಕೇಳುವ ಕೆಲಸವನ್ನು ಮಾಡಿಸುವ ಅಧಿಕಾರ ಯಾರಿಗಿದೆಯೋ ಅವರಿಗೇ ಬರೆಯಿರಿ.

ಇನ್ನು ಬೇಡಿಕೆಯ ಸಾಲು. ಇದೊಂದನ್ನು ಬರೆಯಲು ಒಂದು ದಿನ ಹಿಡಿದರೂ ಚಿಂತೆಯಿಲ್ಲ. ಆ ಸಾಲನ್ನು ಹಾಗೆಯೇ ಎತ್ತಿ ಸರ್ಕಾರಿ ಆದೇಶದಲ್ಲಿ ಇಡುವಂತಿರಬೇಕು ಎಂಬುದೇ ನನ್ನ ಅಳತೆಗೋಲು. ‘ಕಡಲಾಮೆಗಳನ್ನು ಉಳಿಸಿ’ ಎಂಬುದು ಬೇಡಿಕೆಯಲ್ಲ, ಅದು ಘೋಷಣೆ. ‘ಆಮೆಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ತೀರಕ್ಕೆ ಕಾಣುವ ದೀಪಗಳನ್ನು ರಾತ್ರಿ ಆರಿಸಿಡಬೇಕು’ ಎಂದು ಬರೆದರೆ ಬೇಡಿಕೆಯಾಯಿತು. ಆದರೆ ಇದರಲ್ಲೂ ಒಂದು ಲೋಪವಿದೆ. ಮೊಟ್ಟೆಯೊಡೆಯಲು ಸುಮಾರು ಎರಡು ತಿಂಗಳು ಬೇಕು; ಹೊರಬಂದ ಮರಿಗಳು ಹೆಚ್ಚು ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬಿ, ದೀಪಗಳತ್ತ ತೆವಳಿ ಸಾಯುತ್ತವೆ. ಆದ್ದರಿಂದ ‘ಕೊನೆಯ ಮರಿಗಳು ಕಡಲು ಸೇರುವವರೆಗೆ’ ಎಂಬ ಮಾತನ್ನು ಸೇರಿಸಲೇಬೇಕು. ದೀಪ ಬೇಕೇಬೇಕೆನ್ನುವ ಕಡೆ, ನೆಲಕ್ಕಷ್ಟೇ ಬೀಳುವಂತೆ ಮರೆಮಾಡಿದ ಮಂದ ಕೆಂಪು ದೀಪವನ್ನು ಪರ್ಯಾಯವಾಗಿ ಸೂಚಿಸಿ. ಪರ್ಯಾಯವಿಲ್ಲದ ಬೇಡಿಕೆಯನ್ನು ತಳ್ಳಿಹಾಕುವುದು ಬಹಳ ಸುಲಭ.

ಭಾರತದ ರಣಹದ್ದುಗಳ ವಿಷಯದಲ್ಲಿ ಖಚಿತ ಬೇಡಿಕೆಯೂ ಪರ್ಯಾಯವೂ ಜೊತೆಗಿದ್ದವು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡವನ್ನು ಹಾಳುಮಾಡುತ್ತಿತ್ತು. ಬೆನ್ನಿನಲ್ಲಿ ಬಿಳಿ ಪಟ್ಟೆಯಿರುವ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದುಹೋದವು. ಕೇಳಬೇಕಾದದ್ದು ಖಚಿತವಾಗಿತ್ತು: ಈ ಒಂದು ಔಷಧ ಪಶುಚಿಕಿತ್ಸೆಯಲ್ಲಿ ಬೇಡ, ಬದಲಿಗೆ ಮೆಲೋಕ್ಸಿಕ್ಯಾಮ್ ಇದೆ. 2006ರಲ್ಲಿ ನಿಷೇಧ ಬಂತು.

ಹೆಸರು ತುಂಬಿ ಒತ್ತಿದರೆ ಹೊರಟುಹೋಗುವ ಸಿದ್ಧ ಮನವಿಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಒಂದೇ ಒಕ್ಕಣೆಯ ಸಾವಿರ ಪತ್ರಗಳಿಗಿಂತ ಹತ್ತು ಮಂದಿ ತಾವು ಕಂಡದ್ದನ್ನು ತಮ್ಮ ಮಾತಿನಲ್ಲೇ ಬರೆದ ಹತ್ತು ಪತ್ರಗಳು ಮೇಲು. ಪತ್ರ ಒಂದು ಪುಟ ಮೀರದಿರಲಿ, ಸ್ವೀಕೃತಿ ಪಡೆಯಿರಿ, ತಿಂಗಳೊಳಗೆ ಉತ್ತರ ಬಾರದಿದ್ದರೆ ನೇರವಾಗಿ ಭೇಟಿಯಾಗಿ, ಸದನದಲ್ಲಿ ಪ್ರಶ್ನೆಯಾಗಿ ಎತ್ತುವಂತೆ ಕೇಳಿ.

ಆದೇಶ ಹೊರಬಿದ್ದ ಮೇಲೂ ಕಡತವನ್ನು ಮುಚ್ಚಬೇಡಿ. ಪಶುಚಿಕಿತ್ಸೆಯಲ್ಲಿ ಡೈಕ್ಲೊಫೆನಾಕ್ ನಿಷೇಧವಾದ ಬಳಿಕವೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಗಳನ್ನು ಸೇರುತ್ತಲೇ ಇದ್ದವು; ಆ ಸೀಸೆಯನ್ನು 3 ಮಿಲಿಲೀಟರಿನ ಒಂದೇ ಡೋಸಿಗೆ ಇಳಿಸುವ ಆದೇಶ ಬರಲು 2015ರವರೆಗೆ ಕಾಯಬೇಕಾಯಿತು.