ರೋಬೋಟ್ ತಂಡಕ್ಕೆ ರಶೀದಿ ಪುಸ್ತಕದ ಮಕ್ಕಳೂ ಬೇಕು

ರೋಬೋಟಿಕ್ಸ್ ಎಂದ ಕೂಡಲೇ ಮಕ್ಕಳು ಮೋಟಾರು, ವೈರಿನ ಕಡೆ ಓಡುತ್ತಾರೆ. 2018ರಲ್ಲಿ ಕೇರಳದ ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಐಟಿ ಕ್ಲಬ್ ಶುರುವಾದ ಮೇಲೆ ಕಾಸರಗೋಡಿನ ಹೈಸ್ಕೂಲುಗಳಲ್ಲಿ ಆರ್ಡುಯಿನೋ (ರೋಬೋಟ್ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು) ಹೆಸರೂ ಹೊಸತಲ್ಲ. ಆದರೆ ಸ್ಪರ್ಧೆಗೆ ಹೋಗಲು ಹಣ ಬೇಕು, ಲೆಕ್ಕ ಬೇಕು, ನಾಲ್ಕು ಜನಕ್ಕೆ ಸುದ್ದಿ ಮುಟ್ಟಬೇಕು. ಈ ಕೆಲಸವೆಲ್ಲ ಕೊನೆಗೆ ಟೀಚರ ತಲೆಗೇ ಬರುತ್ತದೆ, ಅಲ್ವಾ?

ಇದಕ್ಕೂ ಮಕ್ಕಳನ್ನೇ ತಂಡಕ್ಕೆ ಸೇರಿಸಿಕೊಳ್ಳಿ. ಮೊದಲು ನೋಟೀಸು. ‘ಬಿಸಿನೆಸ್ ತಂಡಕ್ಕೆ ಸೇರಿ’ ಎಂದು ಬರೆದರೆ ಯಾರೂ ಬರುವುದಿಲ್ಲ. ‘ಅಂಗಡಿಯವರ ಹತ್ತಿರ ಮಾತಾಡಲು ಇಬ್ಬರು, ಖರ್ಚು ಬರೆಯಲು ಒಬ್ಬರು, ಪೋಸ್ಟರು, ವಿಡಿಯೋ ಮಾಡಲು ಒಬ್ಬರು’ ಎಂದು ಬಿಡಿಸಿ ಬರೆಯಿರಿ.

ಆಮೇಲೆ ಹುಡುಕಾಟ. ಕಂಪ್ಯೂಟರ್ ಲ್ಯಾಬಿನಲ್ಲಿ ಇವರು ಸಿಗುವುದು ಕಮ್ಮಿ. ಕಲೋತ್ಸವದಲ್ಲಿ ಮೈಕ್ ಹಿಡಿದವಳು, ಊರಿನ ಯಕ್ಷಗಾನಕ್ಕೆ ರಶೀದಿ ಪುಸ್ತಕ ಹಿಡಿದು ಮನೆಮನೆ ಸುತ್ತಿದವನು, ಸಂಜೆ ಅಪ್ಪನ ಅಂಗಡಿಯಲ್ಲಿ ಚಿಲ್ಲರೆ ಕೊಡುವವನು: ಇವರನ್ನು ಹೋಗಿ ಕರೆಯಬೇಕು. ಉಪ್ಪಳ ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ತುಳು, ಪಕ್ಕದಲ್ಲಿ ಮಲಯಾಳ, ಅದರಾಚೆ ಬ್ಯಾರಿ. ಮೂರನ್ನೂ ಸಲೀಸಾಗಿ ಮಾತಾಡುವ ಮಗು ನಮ್ಮಲ್ಲಿ ಬೇಕಾದಷ್ಟಿದೆ. ಮಾರ್ಕು ಕಮ್ಮಿ ಎಂದು ಬಿಡಬೇಡಿ.

ಸಂದರ್ಶನ ಸುಮ್ನೆ ಶಾಸ್ತ್ರ. ಬದಲಿಗೆ ನೀವೇ ಅಂಗಡಿಯವರಾಗಿ ಕುಳಿತು, ಎರಡು ನಿಮಿಷ ಮಾತಾಡಲು ಹೇಳಿ. ಒಬ್ಬ ‘ಅಣ್ಣಾ, ಎಷ್ಟಾದ್ರೂ ಕೊಡಿ’ ಎನ್ನುತ್ತಾನೆ. ಇನ್ನೊಬ್ಬಳು ‘ಅಣ್ಣಾ, ಎರಡು ಮೋಟಾರು ಬೇಕು, ರೇಟು ಇದು. ಟೀಶರ್ಟಿನ ಹಿಂದೆ ನಿಮ್ಮ ಅಂಗಡಿ ಹೆಸರು ಹಾಕ್ತೇವೆ’ ಎನ್ನುತ್ತಾಳೆ. ಅವಳನ್ನು ಅಲ್ಲೇ ಸೇರಿಸಿಕೊಳ್ಳಿ. ಅವನಿಗೂ ಇನ್ನೊಂದು ಅವಕಾಶ ಕೊಡಿ, ಹೇಳಿಕೊಟ್ಟರೆ ಬರುವ ವಿದ್ಯೆ ಇದು.

ಸೇರಿದವರು ರೋಬೋಟ್ ಮೇಜಿನ ಪಕ್ಕವೇ ಕೂರಲಿ. ಇವರನ್ನು ‘ಚಂದಾ ಎತ್ತುವವರು’ ಎಂದು ಬದಿಗಿಟ್ಟರೆ ತಿಂಗಳೊಳಗೆ ಬಿಟ್ಟು ಹೋಗುತ್ತಾರೆ. ಫಸ್ಟ್ ಲೆಗೋ ಲೀಗ್ ಚಾಲೆಂಜ್ ಎಂಬ ಮಕ್ಕಳ ರೋಬೋಟ್ ಸ್ಪರ್ಧೆಯಲ್ಲಿ ತಂಡಕ್ಕೆ ಹೆಚ್ಚೆಂದರೆ 10 ಮಕ್ಕಳು. ರೋಬೋಟಿನ ಒಂದು ಆಟ ಬರೀ ಎರಡೂವರೆ ನಿಮಿಷ. ತೀರ್ಪುಗಾರರು ಮಕ್ಕಳ ಪ್ರಾಜೆಕ್ಟು, ತಂಡದ ಹೊಂದಾಣಿಕೆಯನ್ನೂ ಕೇಳಿ ತಿಳಿಯುತ್ತಾರೆ. ಅಲ್ಲಿ ಮಾತು ಬಲ್ಲ ಮಗು ರೋಬೋಟಿನ ಸೆನ್ಸರ್ ಬಗ್ಗೆಯೂ ಬಾಯಿ ಬಿಡಬೇಕು.

ಹಣದ ವಿಷಯದಲ್ಲಿ ಸಲಿಗೆ ಬೇಡ. ಮಕ್ಕಳು ಒಬ್ಬೊಬ್ಬರೇ ಹೋಗಬಾರದು, ಜೊತೆಗೆ ಟೀಚರೋ ಪಿಟಿಎಯವರೋ ಇರಲಿ. ಹೆಡ್‌ಮಾಸ್ಟರ ಒಪ್ಪಿಗೆ, ಶಾಲೆಯ ರಶೀದಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬಾರದು.

ಇದನ್ನೆಲ್ಲ ಜೂನಿನಲ್ಲೇ ಶುರು ಮಾಡಿ. ಹತ್ತನೆಯವರನ್ನು ಜಾಸ್ತಿ ನೆಚ್ಚಬೇಡಿ, ಅವರಿಗೆ ಎಸ್ಸೆಸೆಲ್ಸಿ ತಲೆಬಿಸಿ. ಎಂಟನೆಯ ಇಬ್ಬರಿಗೆ ಈಗಲೇ ಲೆಕ್ಕದ ಪುಸ್ತಕ ಕಲಿಸಿದರೆ ಮುಂದಿನ ಎರಡು ವರ್ಷಕ್ಕೆ ಆಯಿತು.